ಮಕ್ಕಳು ದುಡಿಯತೊಡಗಿದ ಮೇಲೆ ಕುಟುಂಬ ಪಿಂಚಣಿ: ತಿಳಿಸಬೇಕೆ, ಸುಮ್ಮನಿರಬೇಕೆ?

ಊರು ಬಿಟ್ಟು ಮುಂಬಯಿ, ಪುಣೆ, ದೆಹಲಿ, ಹೈದರಾಬಾದುಗಳಲ್ಲಿ ನೆಲೆಸಿದ ನಮ್ಮ ಕನ್ನಡಿಗರಲ್ಲಿ ಕೇಂದ್ರ ಸರ್ಕಾರದ ನೌಕರಿ ಹಿಡಿದು ಬಂದವರು ಬಹಳ ಮಂದಿ. ಅಂಥ ಮನೆಗಳಲ್ಲಿ ದುಡಿಯುವವರು ಅಕಾಲದಲ್ಲಿ ತೀರಿಕೊಂಡಾಗ ಉಳಿದವರ ಕೈಹಿಡಿಯುವುದು ಕುಟುಂಬ ಪಿಂಚಣಿ. ತಂದೆತಾಯಿ ಇಬ್ಬರನ್ನೂ ಕಳೆದುಕೊಂಡು ಅಜ್ಜಿಯ ಆಸರೆಯಲ್ಲೋ ಸೋದರಮಾವನ ಮನೆಯಲ್ಲೋ ಬೆಳೆಯುವ ಮಕ್ಕಳಿಗಂತೂ ತಿಂಗಳ ಕೊನೆಗೆ ಬ್ಯಾಂಕಿನ ಖಾತೆಗೆ ಜಮೆಯಾಗುವ ಆ ಹಣವೇ ಶಾಲೆಯ ಶುಲ್ಕ, ಮನೆಯ ಬಾಡಿಗೆ, ಔಷಧಿಯ ಖರ್ಚು ಎಲ್ಲವೂ ಆಗಿರುತ್ತದೆ.

ಅಂಥ ಮನೆಯ ಹಿರಿಯ ಮಗುವಿಗೆ ಒಂದು ದಿನ ಕೆಲಸ ಸಿಗುತ್ತದೆ. ಮನೆಮಂದಿಗೆಲ್ಲ ಸಂತೋಷ. ಆದರೆ ಮುಂದಿನ ತಿಂಗಳೂ ಪಿಂಚಣಿ ಎಂದಿನಂತೆಯೇ ಜಮೆಯಾಗುತ್ತದೆ. ಅದರ ಮುಂದಿನ ತಿಂಗಳೂ ಹಾಗೆಯೇ. ಆಗ ಹಿರಿಯರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ: “ಬ್ಯಾಂಕಿನವರೇ ಕೇಳಿಲ್ಲ, ನಾವಾಗಿ ಹೋಗಿ ಹೇಳಬೇಕೆ?” ಬ್ಯಾಂಕಿನ ಕೌಂಟರಿನ ಒಳಬದಿಯಲ್ಲಿ ಕುಳಿತು ಈ ಪ್ರಶ್ನೆಯನ್ನು ನಾನಾ ರೂಪಗಳಲ್ಲಿ ಕೇಳಿದವನಾದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಲೇಬೇಕು, ಅದೂ ಮೊದಲ ತಿಂಗಳಲ್ಲಿಯೇ ಹೇಳಬೇಕು. ಹಾಗೆ ಹೇಳುವುದರಿಂದ ಮನೆಗೆ ನಷ್ಟವೇ ಆಗಬೇಕೆಂದೇನೂ ಇಲ್ಲ. ಅನೇಕ ವೇಳೆ ಲಾಭವೇ ಉಂಟು. ಏಕೆಂಬುದನ್ನು ಮುಂದೆ ವಿವರಿಸಲಾಗಿದೆ.

ಪಿಂಚಣಿ ಯಾರಿಗೆ, ಎಲ್ಲಿಯವರೆಗೆ?

ಕೇಂದ್ರ ಸರ್ಕಾರದ ಸಿವಿಲ್ ನೌಕರರ ಕುಟುಂಬಗಳಿಗೆ ಹಿಂದೆ 1972ರ ಪಿಂಚಣಿ ನಿಯಮಗಳ 54ನೆಯ ನಿಯಮ ಅನ್ವಯವಾಗುತ್ತಿತ್ತು. 2021ರ ಡಿಸೆಂಬರಿನಲ್ಲಿ ಹೊಸ ನಿಯಮಗಳು ಬಂದು, ಈಗ 50ನೆಯ ನಿಯಮವು ಆ ಸ್ಥಾನದಲ್ಲಿದೆ. ಮೂಲತತ್ತ್ವ ಮಾತ್ರ ಹೆಚ್ಚು ಬದಲಾಗಿಲ್ಲ. ನೌಕರನ ಮರಣಾನಂತರ ಪಿಂಚಣಿ ಮೊದಲು ಪತ್ನಿಗೆ ಅಥವಾ ಪತಿಗೆ ಸಲ್ಲುತ್ತದೆ. ಅವರೂ ತೀರಿಕೊಂಡರೆ, ಅಥವಾ ಮಕ್ಕಳಿರುವ ವಿಧವೆ ಮರುಮದುವೆಯಾದರೆ, ಅದು ಮಕ್ಕಳಿಗೆ ಬರುತ್ತದೆ.

ಮಗನಿಗೆ ಇದು ಇಪ್ಪತ್ತೈದು ವರ್ಷ ತುಂಬುವವರೆಗೆ, ಅಥವಾ ಮದುವೆಯಾಗುವವರೆಗೆ, ಅಥವಾ ಜೀವನೋಪಾಯಕ್ಕೆ ದುಡಿಯತೊಡಗುವವರೆಗೆ ದೊರೆಯುತ್ತದೆ. ಈ ಮೂರರಲ್ಲಿ ಯಾವುದು ಮೊದಲೋ ಅಂದಿಗೆ ನಿಲ್ಲುತ್ತದೆ. ಅವಿವಾಹಿತ ಮಗಳ ಮಟ್ಟಿಗೆ ಮದುವೆ ಮತ್ತು ದುಡಿಮೆ ಇವೆರಡೇ ಮಿತಿಗಳು. ಆದರೆ ಇಪ್ಪತ್ತೈದು ದಾಟಿದ ಮಗಳ ಸರದಿಯು ಇಪ್ಪತ್ತೈದರೊಳಗಿನ ತಮ್ಮತಂಗಿಯರು ಮತ್ತು ಅಂಗವೈಕಲ್ಯವುಳ್ಳ ಮಕ್ಕಳ ಸರದಿ ಮುಗಿದ ಮೇಲೆ ಬರುತ್ತದೆ. ವಿಧವೆಯಾದ ಅಥವಾ ವಿಚ್ಛೇದನ ಪಡೆದ ಹೆಣ್ಣುಮಕ್ಕಳಿಗೂ ನಿಯಮಗಳಲ್ಲಿ ಸ್ಥಾನವುಂಟು.

ರೈಲ್ವೆ, ರಕ್ಷಣಾ ಇಲಾಖೆ ಹಾಗೂ ರಾಜ್ಯ ಸರ್ಕಾರಗಳಿಗೆ ತಮ್ಮವೇ ಆದ ನಿಯಮಗಳಿವೆ. ಆದ್ದರಿಂದ ಇಲ್ಲಿ ಹೇಳುವ ಅಂಕಿಗಳನ್ನು ಕೇಂದ್ರದ ಸಿವಿಲ್ ಪಿಂಚಣಿಗೆ ಸಂಬಂಧಿಸಿದವೆಂದು ಓದುಗರು ತಿಳಿಯಬೇಕು.

ಎಷ್ಟು ಗಳಿಸಿದರೆ ದುಡಿಮೆ?

ಬಹಳ ಮಂದಿ ಹೆದರುವುದು ಇಲ್ಲಿ. ಹುಡುಗ ಸಂಜೆಯ ಹೊತ್ತು ನಾಲ್ಕು ಮಕ್ಕಳಿಗೆ ಪಾಠ ಹೇಳಿ ಎರಡು ಸಾವಿರ ತಂದರೆ ಪಿಂಚಣಿ ನಿಂತೇಹೋಯಿತು ಎಂದು ಭಾವಿಸುತ್ತಾರೆ. ಇದು ಸರಿಯಲ್ಲ. ಕುಟುಂಬ ಪಿಂಚಣಿಯನ್ನು ಬಿಟ್ಟು ಬೇರೆ ಮೂಲಗಳಿಂದ ಬರುವ ಆದಾಯವು ಕನಿಷ್ಠ ಕುಟುಂಬ ಪಿಂಚಣಿ ಮತ್ತು ಅದರ ಮೇಲಣ ತುಟ್ಟಿಭತ್ಯೆ ಇವುಗಳ ಮೊತ್ತಕ್ಕೆ ಸಮನಾದಾಗ ಅಥವಾ ಅದನ್ನು ಮೀರಿದಾಗ ಮಾತ್ರ ಮಗು ಜೀವನೋಪಾಯಕ್ಕೆ ದುಡಿಯುತ್ತಿದೆ ಎಂದು ಪರಿಗಣಿಸಲಾಗುತ್ತದೆ.

2016ರ ಜನವರಿ 1ರಿಂದ ಜಾರಿಗೆ ಬಂದ ಕನಿಷ್ಠ ಕುಟುಂಬ ಪಿಂಚಣಿ ತಿಂಗಳಿಗೆ 9,000 ರೂಪಾಯಿ. ತುಟ್ಟಿಭತ್ಯೆಯ ದರ ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈ ತಿಂಗಳುಗಳಿಂದ ಅನ್ವಯವಾಗುವಂತೆ, ಪರಿಷ್ಕೃತವಾಗುತ್ತದೆ. 2025ರ ಜನವರಿ 1ರಿಂದ ಅದು ಶೇಕಡಾ 55 ಆಗಿತ್ತು. ಆ ದರದಲ್ಲಿ ಲೆಕ್ಕ ಹಾಕಿದರೆ 9,000ಕ್ಕೆ 4,950 ಸೇರಿ ಮಿತಿಯು 13,950 ರೂಪಾಯಿ ಆಗುತ್ತದೆ. ಭತ್ಯೆ ಏರಿದಂತೆ ಮಿತಿಯೂ ಏರುತ್ತದೆಯಾದ್ದರಿಂದ ಆಯಾ ತಿಂಗಳ ದರವನ್ನೇ ನೋಡಿಕೊಳ್ಳಬೇಕು.

ಇಲ್ಲಿ ಎರಡು ಸೂಕ್ಷ್ಮಗಳಿವೆ. ಮೊದಲನೆಯದಾಗಿ, ನಿಯಮವು ನೋಡುವುದು ಆದಾಯವನ್ನು. ಕೆಲಸ ಕಾಯಮ್ಮೇ, ತಾತ್ಕಾಲಿಕವೇ ಎಂಬುದನ್ನಲ್ಲ. “ಪ್ರೊಬೇಷನ್ ಮುಗಿಯಲಿ, ಕಾಯಂ ಆದ ಮೇಲೆ ತಿಳಿಸೋಣ” ಎಂದು ಕಾಯುವವರು ಇದನ್ನು ಮರೆಯಬಾರದು. ಎರಡನೆಯದಾಗಿ, ಆದಾಯವೆಂದರೆ ಸಂಬಳವೊಂದೇ ಅಲ್ಲ. ತಂದೆಯ ಗ್ರಾಚ್ಯುಟಿಯ ಹಣದಲ್ಲಿ 15 ಲಕ್ಷ ರೂಪಾಯಿಯನ್ನು ಮಗಳ ಹೆಸರಿನಲ್ಲಿ ಶೇಕಡಾ 7ರ ಬಡ್ಡಿಗೆ ಠೇವಣಿ ಇಟ್ಟಿದ್ದಾರೆ ಎನ್ನೋಣ. ವರ್ಷಕ್ಕೆ 1,05,000, ಅಂದರೆ ತಿಂಗಳಿಗೆ 8,750 ರೂಪಾಯಿ ಬಡ್ಡಿಯಾಯಿತು. ಇಷ್ಟೇ ಆದರೆ ಮಿತಿಯೊಳಗೇ ಇದೆ. ಆದರೆ ಅವಳು ಒಂದು ಶಿಶುವಿಹಾರದಲ್ಲಿ ಆರು ಸಾವಿರದ ಕೆಲಸಕ್ಕೆ ಸೇರಿದಳೆಂದರೆ ಒಟ್ಟು 14,750 ಆಗಿ, ಮೇಲೆ ಹೇಳಿದ ಮಿತಿ ದಾಟಿತು. ಆರು ಸಾವಿರ ತಾನೇ ಎಂದು ಸುಮ್ಮನಿದ್ದವರಿಗೆ ಮುಂದೆ ಆಶ್ಚರ್ಯ ಕಾದಿರುತ್ತದೆ. ಆದ್ದರಿಂದ ಆದಾಯ ಚಿಕ್ಕದಾದರೂ ಬರೆದು ತಿಳಿಸಿ, ತೀರ್ಮಾನವನ್ನು ಕಚೇರಿಗೆ ಬಿಡುವುದು ಜಾಣತನ.

ಕಿರಿಯರ ಸರದಿ

ಮಕ್ಕಳ ಪಿಂಚಣಿ ಒಂದೇ ಕಾಲಕ್ಕೆ ಎಲ್ಲರಿಗೂ ಹಂಚಿಕೆಯಾಗುವುದಿಲ್ಲ. ಅವಳಿ ಮಕ್ಕಳಾದರೆ ಸಮಪಾಲು. ಉಳಿದಂತೆ ಹುಟ್ಟಿದ ಅನುಕ್ರಮದಲ್ಲಿ ಒಬ್ಬರ ನಂತರ ಒಬ್ಬರಿಗೆ. ಹಿರಿಯ ಮಗು ಅನರ್ಹವಾಗುವವರೆಗೆ ಕಿರಿಯ ಮಗುವಿನ ಸರದಿ ಬರುವುದಿಲ್ಲ.

ಉದಾಹರಣೆಗಾಗಿ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ತಂದೆ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿದ್ದವರು. ಕೊನೆಯ ಮೂಲವೇತನ 40,000 ರೂಪಾಯಿ. ಸಾಮಾನ್ಯ ದರದಲ್ಲಿ ಕುಟುಂಬ ಪಿಂಚಣಿ ಅದರ ಶೇಕಡಾ 30, ಅಂದರೆ 12,000. ಅದಕ್ಕೆ ಶೇಕಡಾ 55ರ ತುಟ್ಟಿಭತ್ಯೆ 6,600 ಸೇರಿ 18,600 ರೂಪಾಯಿ. ತಾಯಿಯೂ ಇಲ್ಲ. ಮಾಟುಂಗದ ಸೋದರಮಾವನ ಮನೆಯಲ್ಲಿ ಮೂವರು ಮಕ್ಕಳು: ಇಪ್ಪತ್ತೆರಡರ ಮಗಳು, ಹತ್ತೊಂಬತ್ತರ ಮಗ, ಹದಿನಾರರ ಕಿರಿಯ ಮಗಳು. ಪಿಂಚಣಿ ಹಿರಿಯ ಮಗಳ ಹೆಸರಿನಲ್ಲಿದೆ. ಅವಳಿಗೆ ಬೆಂಗಳೂರಿನಲ್ಲಿ 25,000 ರೂಪಾಯಿಯ ಕೆಲಸ ಸಿಕ್ಕಿತು.

ಅವಳು ಕೂಡಲೇ ತಿಳಿಸಿದರೆ ಏನಾಗುತ್ತದೆ? ಅವಳ ಪಿಂಚಣಿ ನಿಲ್ಲುತ್ತದೆ. ಆದರೆ ಮನೆಗೆ ಬರುವ ಪಿಂಚಣಿ ನಿಲ್ಲುವುದಿಲ್ಲ. ಹಕ್ಕು ತಮ್ಮನಿಗೆ ಹೋಗುತ್ತದೆ. ಅವನ ಸರದಿ ಮುಗಿದ ಮೇಲೆ ತಂಗಿಗೆ. ಅವರ ಓದು ಸಾಗುತ್ತದೆ. ಅವಳು ಸುಮ್ಮನಿದ್ದರೆ? ತಮ್ಮನಿಗೆ ಸಲ್ಲಬೇಕಾದ ಹಣ ಅವಳ ಹೆಸರಿನಲ್ಲಿ ಜಮೆಯಾಗುತ್ತ ಹೋಗುತ್ತದೆ. “ಹಣ ಒಂದೇ ಮನೆಗೆ ತಾನೇ ಬಂತು” ಎಂಬ ವಾದ ಮನೆಯೊಳಗೆ ಸರಿಯೆನಿಸಬಹುದು. ಆದರೆ ಪಿಂಚಣಿ ಪಾವತಿ ಆದೇಶ ಇರುವುದು ವ್ಯಕ್ತಿಯ ಹೆಸರಿನಲ್ಲಿ, ಮನೆಯ ಹೆಸರಿನಲ್ಲಲ್ಲ. ಅಕ್ಕನಿಗೆ ಹೆಚ್ಚಾಗಿ ಸಂದದ್ದನ್ನು ತಮ್ಮನಿಗೆ ಸಂದಿತೆಂದು ಬ್ಯಾಂಕು ತಾನಾಗಿ ಲೆಕ್ಕ ಬರೆಯಲಾರದು. ಅವಳಿಂದ ವಸೂಲಿ ಒಂದು ಕಡತ. ತಮ್ಮನ ಅರ್ಜಿ ಇನ್ನೊಂದು ಕಡತ. ಮೌನದಿಂದ ಹಾನಿಯಾಗುವುದು ಸರ್ಕಾರದ ಬೊಕ್ಕಸಕ್ಕೆ ಮಾತ್ರವಲ್ಲ, ಒಡಹುಟ್ಟಿದವರ ಹಕ್ಕಿಗೂ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮೌನದ ಬೆಲೆ

ಇದೇ ಉದಾಹರಣೆಯನ್ನು ಮುಂದುವರಿಸೋಣ. ಲೆಕ್ಕದ ಸರಳತೆಗಾಗಿ ಭತ್ಯೆಯ ದರ ಬದಲಾಗದೆಂದು ಇಟ್ಟುಕೊಳ್ಳೋಣ. ಮೊದಲ ತಿಂಗಳಲ್ಲೇ ತಿಳಿಸಿದರೆ ಹಿಂದಿರುಗಿಸಬೇಕಾದದ್ದು ಹೆಚ್ಚೆಂದರೆ 18,600 ರೂಪಾಯಿ. ಒಂದು ವರ್ಷ ಕಳೆದರೆ 2,23,200. ಎರಡು ವರ್ಷಕ್ಕೆ 4,46,400. ಮೊದಲ ತಿಂಗಳ ಸಂಬಳದಲ್ಲಿ ತೀರಿಸಬಹುದಾಗಿದ್ದ ಋಣ ಒಂದು ವರ್ಷದಲ್ಲಿ ಸುಮಾರು ಒಂಬತ್ತು ತಿಂಗಳ ಸಂಬಳವನ್ನು ನುಂಗುವಷ್ಟು ಬೆಳೆಯುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಯಿತೆಂಬ ನಮ್ಮ ಗಾದೆ ಇಂಥದಕ್ಕೇ ಇರುವುದು.

ಹಿಂದಿರುಗಿಸುವ ಬಗೆಯೂ ಇಲ್ಲಿ ಕಠಿಣ. ನಿವೃತ್ತರೊಬ್ಬರಿಗೆ ಲೆಕ್ಕದ ತಪ್ಪಿನಿಂದ ಹೆಚ್ಚು ಪಿಂಚಣಿ ಹೋದರೆ, ಅದನ್ನು ಅವರ ಮುಂದಿನ ಪಿಂಚಣಿಯಲ್ಲಿ ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪವಾಗಿ ಮುರಿದುಕೊಳ್ಳುವ ದಾರಿಯುಂಟು. ದುಡಿಯತೊಡಗಿದ ಮಗುವಿನ ಪಿಂಚಣಿಯಾದರೋ ನಿಂತೇಹೋಗಿರುತ್ತದೆ; ಮುರಿದುಕೊಳ್ಳಲು ಮುಂದಿನ ತಿಂಗಳೆಂಬುದೇ ಇಲ್ಲ. ಕೈಯಿಂದಲೇ ತೆರಬೇಕು.

“ಬ್ಯಾಂಕಿಗೆ ಹೇಗೆ ತಿಳಿದೀತು?” ಎಂದು ಕೇಳುವವರೂ ಇದ್ದಾರೆ. ಇಂದು ಸಂಬಳವೂ ಪಿಂಚಣಿಯೂ ಒಂದೇ ಪ್ಯಾನ್ ಸಂಖ್ಯೆಯಡಿ ದಾಖಲಾಗುತ್ತವೆ. ಭವಿಷ್ಯನಿಧಿಯ ಖಾತೆಗೆ ಆಧಾರ್ ಜೋಡಣೆಯಾಗಿರುತ್ತದೆ. ಇಂದಲ್ಲ ನಾಳೆ ತಿಳಿಯುತ್ತದೆ. ಆದರೆ ಅದಕ್ಕಿಂತ ಮುಖ್ಯವಾದ ಮಾತು ಬೇರೆಯಿದೆ. ತಾನು ದುಡಿಯತೊಡಗಿಲ್ಲ, ಮದುವೆಯಾಗಿಲ್ಲ ಎಂಬ ಪ್ರಮಾಣಪತ್ರವನ್ನು ಪಿಂಚಣಿ ಪಡೆಯುವ ಮಗು ಅಥವಾ ಅದರ ಪೋಷಕರು ವರ್ಷಕ್ಕೊಮ್ಮೆ ಬ್ಯಾಂಕಿಗೆ ಕೊಡತಕ್ಕದ್ದು. ಸಾಮಾನ್ಯವಾಗಿ ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರದೊಂದಿಗೆ ಇದನ್ನೂ ಪಡೆಯುತ್ತಾರೆ. ಅಲ್ಲಿಯವರೆಗಿನದು ಕೇವಲ ವಿಳಂಬ. ಕೆಲಸದಲ್ಲಿದ್ದುಕೊಂಡೇ ಆ ಕಾಗದಕ್ಕೆ ಸಹಿ ಹಾಕಿದರೆ ಅದು ಸುಳ್ಳು ಹೇಳಿಕೆಯಾಗುತ್ತದೆ. ವಿಳಂಬಕ್ಕೆ ಸಮಾಧಾನ ಹೇಳಬಹುದು, ಸುಳ್ಳು ಸಹಿಗೆ ಹೇಳಲಾಗದು. ಜೀವನದ ಮೊದಲ ನೌಕರಿಯಲ್ಲಿರುವ ಯುವಕ ಯುವತಿಯರ ಹೆಸರಿಗೆ ಇಂಥ ಕಳಂಕ ಅಂಟಿಸುವುದು ಹಿರಿಯರಿಗೆ ಶೋಭಿಸುವುದಿಲ್ಲ.

ನ್ಯಾಯಾಲಯದ ತೀರ್ಪುಗಳ ಆಸರೆ ಎಷ್ಟು?

ಹೆಚ್ಚುವರಿ ಪಾವತಿಯನ್ನು ವಸೂಲು ಮಾಡಕೂಡದೆಂದು ಸುಪ್ರೀಂ ಕೋರ್ಟೇ ಹೇಳಿದೆಯಲ್ಲ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಇದು 2014ರ ಡಿಸೆಂಬರಿನಲ್ಲಿ ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ಪ್ರಕರಣದಲ್ಲಿ ಬಂದ ತೀರ್ಪು. ಕೆಳದರ್ಜೆಯ ನೌಕರರು, ನಿವೃತ್ತರು, ಐದು ವರ್ಷಕ್ಕೂ ಮೀರಿ ಹೆಚ್ಚುವರಿ ಪಡೆದವರು ಮುಂತಾದ ಕೆಲವು ಸಂದರ್ಭಗಳಲ್ಲಿ ವಸೂಲಿ ಕೂಡದೆಂದು ಅದು ಹೇಳಿದ್ದು ನಿಜ. ಆದರೆ ಅಲ್ಲಿ ಹಣ ಹೆಚ್ಚಾಗಿ ಹೋದದ್ದು ಆಡಳಿತದ ತಪ್ಪಿನಿಂದ. ಪಡೆದವರು ಏನನ್ನೂ ಮರೆಮಾಡಿರಲಿಲ್ಲ.

2016ರ ಜುಲೈನಲ್ಲಿ ಜಗದೇವ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಹೆಚ್ಚುವರಿಯನ್ನು ಹಿಂದಿರುಗಿಸುವೆನೆಂದು ಮೊದಲೇ ಮುಚ್ಚಳಿಕೆ ಬರೆದುಕೊಟ್ಟವರು ಅದಕ್ಕೆ ಬದ್ಧರು ಎಂದು ಸ್ಪಷ್ಟಪಡಿಸಿತು. ಪಿಂಚಣಿ ಆರಂಭವಾಗುವಾಗ ಬ್ಯಾಂಕು ಇಂಥದೇ ಮುಚ್ಚಳಿಕೆಯನ್ನು ಬರೆಸಿಕೊಂಡಿರುತ್ತದೆ. ರಾಶಿ ಕಾಗದಗಳ ನಡುವೆ ಹಾಕಿದ ಆ ಸಹಿ ಮರೆತುಹೋಗಿರಬಹುದು. ಕಡತದಲ್ಲಿ ಅದು ಇದ್ದೇ ಇರುತ್ತದೆ. ಕೆಲಸದ ವಿಷಯವನ್ನು ತಿಳಿಸದೆ ಹಣ ಪಡೆದವರಿಗೆ ಮೊದಲ ತೀರ್ಪಿನ ನೆರಳು ಸಿಕ್ಕೀತೆಂಬ ಭರವಸೆ ಬೇಡ.

ಏನು ಮಾಡಬೇಕು?

ಮೊದಲನೆಯದು, ಪಿಂಚಣಿ ಖಾತೆ ಇರುವ ಶಾಖೆಗೆ ಒಂದು ಪತ್ರ ಬರೆಯುವುದು. ಪಿಂಚಣಿ ಪಾವತಿ ಆದೇಶದ ಸಂಖ್ಯೆ, ಖಾತೆಯ ಸಂಖ್ಯೆ, ಕೆಲಸಕ್ಕೆ ಸೇರಿದ ದಿನಾಂಕ, ತಿಂಗಳ ಸಂಬಳ, ಬೇರೆ ಆದಾಯವಿದ್ದರೆ ಅದರ ವಿವರ ಇಷ್ಟು ಅದರಲ್ಲಿರಲಿ. ನೇಮಕಾತಿ ಪತ್ರದ ಪ್ರತಿಯನ್ನು ಲಗತ್ತಿಸಬೇಕು. ಪತ್ರದ ಇನ್ನೊಂದು ಪ್ರತಿಯ ಮೇಲೆ ಶಾಖೆಯ ಮೊಹರು, ಸಹಿ, ದಿನಾಂಕ ಹಾಕಿಸಿಕೊಂಡು ಜೋಪಾನವಾಗಿಡಬೇಕು. ಬಾಯಿಮಾತಿನಲ್ಲಿ ಹೇಳಿ ಬಂದರೆ ಸಾಲದು. ಅಧಿಕಾರಿಗಳು ವರ್ಗವಾಗಿ ಹೋಗುತ್ತಾರೆ, ಕಾಗದ ಉಳಿಯುತ್ತದೆ. ಮಗು ಬೇರೆ ಊರಿನಲ್ಲಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀತಿ ಇಟ್ಟುಕೊಳ್ಳಬಹುದು.

ಎರಡನೆಯದು, ಕೆಲಸಕ್ಕೆ ಸೇರಿದ ದಿನದಿಂದೀಚೆಗೆ ಜಮೆಯಾದ ಪಿಂಚಣಿಯನ್ನು ಮುಟ್ಟದೆ ಇಡುವುದು. ಪತ್ರ ಕೊಟ್ಟ ಮೇಲೂ ಒಂದೆರಡು ತಿಂಗಳು ಹಣ ಬರುವುದುಂಟು. ಅದನ್ನು ಪ್ರತ್ಯೇಕ ಉಳಿತಾಯ ಖಾತೆಗೆ ವರ್ಗಾಯಿಸಿಟ್ಟರೆ ಕೇಳಿದ ದಿನ ಕೊಡಲು ತೊಂದರೆಯಾಗದು.

ಮೂರನೆಯದು, ಹೆಚ್ಚುವರಿಯ ತಿಂಗಳುವಾರು ಲೆಕ್ಕವನ್ನು ಬರಹದಲ್ಲಿ ಕೇಳುವುದು. ಯಾವ ದಿನಾಂಕದಿಂದ, ಯಾವ ಭತ್ಯೆಯ ದರದಲ್ಲಿ ಲೆಕ್ಕ ಹಾಕಿದ್ದಾರೆಂದು ಪಾಸ್‌ಬುಕ್ಕಿನೊಡನೆ ತಾಳೆ ನೋಡಬೇಕು. ಬ್ಯಾಂಕಿನವರ ಲೆಕ್ಕವೆಂದು ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ಬ್ಯಾಂಕಿನವನಾಗಿಯೇ ಈ ಮಾತು ಹೇಳುತ್ತೇನೆ. ಮೊತ್ತ ದೊಡ್ಡದಾಗಿದ್ದರೆ ಕಂತುಗಳಲ್ಲಿ ತೀರಿಸಲು ಅವಕಾಶ ಕೋರಿ, ಸಂಬಳದ ಚೀಟಿಯೊಂದಿಗೆ ಮನವಿ ಸಲ್ಲಿಸಬೇಕು. ತಾನಾಗಿ ಬಂದು ಹೇಳಿದವರ ಮನವಿಗೂ ಸಿಕ್ಕಿಬಿದ್ದ ಮೇಲೆ ಹೇಳಿದವರ ಮನವಿಗೂ ಮೇಜಿನ ಆಚೆ ಕುಳಿತವರ ಕಣ್ಣಿನಲ್ಲಿ ಅಂತರವಿರುತ್ತದೆ. ಹಣ ಕಟ್ಟಿದ ರಸೀತಿಯನ್ನು ಎಂದಿಗೂ ಕಳೆಯಬಾರದು.

ನಾಲ್ಕನೆಯದು, ಎಲ್ಲರೂ ಮರೆಯುವಂಥದು: ಕಿರಿಯ ಮಗುವಿನ ಅರ್ಜಿ. ಇದನ್ನು ತಂದೆ ಅಥವಾ ತಾಯಿ ಕೊನೆಯದಾಗಿ ಕೆಲಸ ಮಾಡಿದ ಕಚೇರಿಯ ಮುಖ್ಯಸ್ಥರಿಗೆ ಕೊಡಬೇಕು. ಜನನ ಪ್ರಮಾಣಪತ್ರ, ತಂದೆತಾಯಿಗಳ ಮರಣ ಪ್ರಮಾಣಪತ್ರ, ಹಳೆಯ ಪಾವತಿ ಆದೇಶದ ಪ್ರತಿ, ಹಿರಿಯ ಮಗು ಕೆಲಸಕ್ಕೆ ಸೇರಿದ ದಾಖಲೆ ಇವುಗಳನ್ನು ಜೊತೆಗಿರಿಸಬೇಕು. ಮಗು ಅಪ್ರಾಪ್ತ ವಯಸ್ಸಿನದಾದರೆ ಪೋಷಕರ ಮೂಲಕ ಅರ್ಜಿ. ಹಿರಿಯ ಮಗುವಿನ ಪತ್ರ ಬ್ಯಾಂಕಿಗೆ ಹೋದ ವಾರದಲ್ಲೇ ಈ ಅರ್ಜಿಯೂ ಕಚೇರಿಗೆ ಹೋದರೆ ನಡುವಿನ ಖಾಲಿ ತಿಂಗಳುಗಳು ಕಡಿಮೆಯಾಗುತ್ತವೆ.

ಅಂಗವೈಕಲ್ಯವುಳ್ಳ ಮಕ್ಕಳು

ದೈಹಿಕ ಅಥವಾ ಮಾನಸಿಕ ವೈಕಲ್ಯದಿಂದ ಜೀವನೋಪಾಯಕ್ಕೆ ದುಡಿಯಲಾರದ ಮಕ್ಕಳಿಗೆ, ವೈದ್ಯಕೀಯ ಪ್ರಮಾಣಪತ್ರದ ಆಧಾರದ ಮೇಲೆ, ಪಿಂಚಣಿ ಜೀವಮಾನವಿಡೀ ಉಂಟು. 2021ರ ಫೆಬ್ರುವರಿಯಲ್ಲಿ ಅವರ ಆದಾಯದ ಮಿತಿಯನ್ನು ಸಡಿಲಿಸಲಾಯಿತು. ಇತರ ಆದಾಯವು ಸಾಮಾನ್ಯ ದರದ ಕುಟುಂಬ ಪಿಂಚಣಿ, ಅಂದರೆ ಕೊನೆಯ ವೇತನದ ಶೇಕಡಾ 30 ಮತ್ತು ಅದರ ಭತ್ಯೆ, ಇವುಗಳ ಮೊತ್ತಕ್ಕಿಂತ ಕಡಿಮೆಯಿದ್ದರೆ ಪಿಂಚಣಿ ಮುಂದುವರಿಯುತ್ತದೆ. ನಮ್ಮ ಉದಾಹರಣೆಯ ಕುಟುಂಬದಲ್ಲಿ ಈ ಮಿತಿ 13,950ರ ಬದಲು 18,600 ಆಗುತ್ತದೆ. ಪಿಂಚಣಿ ಹೋದೀತೆಂಬ ಭಯದಿಂದ ಅಂಥ ಮಗುವನ್ನು ಒಂದು ಸಣ್ಣ ಕೆಲಸಕ್ಕೂ ಕಳಿಸದೆ ನಾಲ್ಕು ಗೋಡೆಗಳ ನಡುವೆ ಕೂಡಿಡುವ ಮನೆಗಳವರು ಇದನ್ನು ಅವಶ್ಯವಾಗಿ ಗಮನಿಸಬೇಕು. ತನ್ನ ಕೈಯಿಂದ ನಾಲ್ಕು ಕಾಸು ಗಳಿಸುವುದು ಮನಸ್ಸಿನ ಆರೋಗ್ಯಕ್ಕೂ ಒಳ್ಳೆಯದು.

ನ್ಯಾಯಾಲಯ ವಿಧಿಸಿದ ಜೀವನಾಂಶ

ಬೇರ್ಪಟ್ಟ ದಂಪತಿಗಳ ಮಕ್ಕಳಿಗೆ ನ್ಯಾಯಾಲಯ ಗೊತ್ತುಪಡಿಸುವ ಜೀವನಾಂಶದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮು ಬಂದಿದೆ. ಪರಿಸ್ಥಿತಿ ಬದಲಾದಾಗ ಮೊತ್ತವನ್ನು ಬದಲಿಸಲು 146ನೆಯ ಕಲಮಿನಡಿ ಅರ್ಜಿ ಸಲ್ಲಿಸಬಹುದು. ಮಗು ದುಡಿಯತೊಡಗಿತೆಂದು ಕೊಡುವವರು ತಾವಾಗಿ ನಿಲ್ಲಿಸಿಬಿಡುವುದೂ ತರವಲ್ಲ, ಪಡೆಯುವವರು ಮುಚ್ಚಿಡುವುದೂ ತರವಲ್ಲ. ಆದಾಯ ಮತ್ತು ಆಸ್ತಿಗಳನ್ನು ಪ್ರಮಾಣಪತ್ರದ ಮೂಲಕ ಉಭಯ ಪಕ್ಷಗಳೂ ಬಯಲುಪಡಿಸಬೇಕೆಂದು 2020ರ ನವೆಂಬರಿನಲ್ಲಿ ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನಿರ್ದೇಶಿಸಿದೆ. ಇಲ್ಲಿ ವಕೀಲರ ಸಲಹೆ ಪಡೆಯುವುದು ಒಳಿತು.

ತೀರಿಕೊಂಡ ತಂದೆತಾಯಿಗಳ ಸೇವೆಯ ಫಲವೇ ಈ ಪಿಂಚಣಿ. ಮಕ್ಕಳು ತಮ್ಮ ಕಾಲ ಮೇಲೆ ತಾವು ನಿಲ್ಲುವವರೆಗೆ ಅದು ಊರುಗೋಲು. ಹಿರಿಯ ಮಗು ನಡೆಯಲು ಕಲಿತ ಮೇಲೆ ಆ ಊರುಗೋಲನ್ನು ಕಿರಿಯದರ ಕೈಗೆ ಕೊಡಬೇಕು. ಇದಕ್ಕೆ ಬೇಕಾದದ್ದು ಒಂದು ಹಾಳೆ ಕಾಗದ ಮತ್ತು ಸಕಾಲದಲ್ಲಿ ಬರೆಯುವ ಮನಸ್ಸು. ನಿಮ್ಮ ಬಂಧುಬಳಗದಲ್ಲಿ ಇಂಥ ಮಕ್ಕಳಿದ್ದರೆ, ಅವರ ಮೊದಲ ಸಂಬಳದ ಸಿಹಿ ತಿನ್ನುವ ದಿನವೇ ಈ ಪತ್ರವನ್ನೂ ಬರೆಸಿರೆಂದು ಓದುಗರಲ್ಲಿ ವಿನಂತಿ.